ಮಂಗಳೂರಿನಲ್ಲಿ ಹೊತ್ತು ಮೂಡುವ, ಕಂತುವ ಲೆಕ್ಕ

ಸಂಕ್ರಾಂತಿ ಕಳೆದರೆ ಬೆಳಗು ಬೇಗ ಆಗುತ್ತದೆ ಎಂದು ನಾನು ಬಹುಕಾಲ ನಂಬಿದ್ದೆ. ಮಂಗಳೂರಿನ ಸೂರ್ಯೋದಯದ ಸಮಯಗಳನ್ನು ಸಾಲಾಗಿ ಬರೆದಿಟ್ಟು ನೋಡಿದಾಗ ಆ ನಂಬಿಕೆ ನಿಲ್ಲಲಿಲ್ಲ. ಡಿಸೆಂಬರ್ 21ರಂದು ಸುಮಾರು 6:48, ಸಂಕ್ರಾಂತಿಗೆ 6:56, ಜನವರಿ ಕೊನೆಯ ವಾರದಲ್ಲಿ 6:57. ವರ್ಷದ ಅತಿ ಚಿಕ್ಕ ಹಗಲು ಮುಗಿದು ತಿಂಗಳಾದರೂ ಸೂರ್ಯ ಬೇಗ ಬರುವ ಲಕ್ಷಣವೇ ಇಲ್ಲ. ಹಾಗಾದರೆ ಹಗಲು ಬೆಳೆಯುವುದು ಎಲ್ಲಿ? ಸಂಜೆಯ ಕಡೆ. ಡಿಸೆಂಬರ್ 21ಕ್ಕೆ 6:10ರ ಹೊತ್ತಿಗೆ ಮುಳುಗುತ್ತಿದ್ದ ಸೂರ್ಯ ಜನವರಿ 25ಕ್ಕೆ 6:28ರವರೆಗೆ ಇರುತ್ತಾನೆ. ಇದು ಅರ್ಥವಾದರೆ ಉಳಿದದ್ದೆಲ್ಲ ಸಲೀಸು. ಅದಕ್ಕೇ ಈ ಟಿಪ್ಪಣಿ.

ಮೊದಲು ರೇಖಾಂಶ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಪ್ರಕಾರ. ಮಂಗಳೂರು ಇರುವುದು ಸುಮಾರು 74.85ರಲ್ಲಿ. ಒಂದು ಡಿಗ್ರಿಗೆ 4 ನಿಮಿಷ, 7.65 ಡಿಗ್ರಿಗೆ ಸುಮಾರು 30 ನಿಮಿಷ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಯ ಕಡೆಗೆ ಬರುವ ನಿಜವಾದ ನಡುಹಗಲು ಸರಾಸರಿ 12:30ಕ್ಕೆ, 12ಕ್ಕಲ್ಲ. ಬೆಂಗಳೂರು ನಮ್ಮದೇ ಅಕ್ಷಾಂಶದ ಹತ್ತಿರವಿದ್ದರೂ ಪೂರ್ವಕ್ಕಿದೆ. ಅಲ್ಲಿ ಎಲ್ಲವೂ ಸುಮಾರು 11 ನಿಮಿಷ ಮೊದಲೇ ಆಗುತ್ತದೆ. ಬೆಂಗಳೂರಿಗೆಂದು ಗಣಿಸಿದ ಕ್ಯಾಲೆಂಡರನ್ನು ಗೋಡೆಗೆ ತೂಗುಹಾಕಿಕೊಂಡು ಮಂಗಳೂರಿನ ಪಣಂಬೂರು ಕಡಲತೀರಕ್ಕೆ ಹೋಗುವವರು ಇಷ್ಟನ್ನು ಕೂಡಿಸಿಕೊಳ್ಳಬೇಕು.

ಎರಡನೆಯದು ಅಕ್ಷಾಂಶ. ನಾವು ಸಮಭಾಜಕದಿಂದ 13 ಡಿಗ್ರಿಯಷ್ಟೇ ಉತ್ತರಕ್ಕಿದ್ದೇವೆ. ಜೂನ್ 21ರ ಹಗಲು 12 ಗಂಟೆ 53 ನಿಮಿಷ, ಡಿಸೆಂಬರ್ 21ರದ್ದು 11 ಗಂಟೆ 22 ನಿಮಿಷ. ವರ್ಷವಿಡೀ ಸೇರಿಸಿದರೂ ಒಂದೂವರೆ ಗಂಟೆಯ ಏರುಪೇರು, ಅಷ್ಟೆ.

ಮೂರನೆಯದರಲ್ಲೇ ಎಲ್ಲರೂ ಎಡವುವುದು. ಒಂದು ನಡುಹಗಲಿನಿಂದ ಮುಂದಿನ ನಡುಹಗಲಿಗೆ ಸರಿಯಾಗಿ 24 ಗಂಟೆ ಎಂದು ನಾವು ಅಂದುಕೊಳ್ಳುತ್ತೇವೆ. ಡಿಸೆಂಬರ್ ಕೊನೆಯಲ್ಲಿ ಅದು 24 ಗಂಟೆಗಿಂತ ಸುಮಾರು 30 ಸೆಕೆಂಡು ಹೆಚ್ಚು. ಭೂಮಿಯ ಅಕ್ಷದ ಓರೆ ಒಂದು ಕಾರಣ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರವಿದ್ದು ಕಕ್ಷೆಯಲ್ಲಿ ಬೇಗ ಸಾಗುವುದು ಇನ್ನೊಂದು. ದಿನಕ್ಕೆ ಅರ್ಧ ನಿಮಿಷದಂತೆ ನಡುಹಗಲು ಮುಂದಕ್ಕೆ ಜಾರುತ್ತದೆ. ಜಾರುವಾಗ ಉದಯವನ್ನೂ ಅಸ್ತವನ್ನೂ ಜೊತೆಗೇ ಎಳೆದುಕೊಂಡು ಹೋಗುತ್ತದೆ. ನವೆಂಬರ್ ಆರಂಭದಲ್ಲಿ ಮಂಗಳೂರಿನ ನಡುಹಗಲು 12:14, ಫೆಬ್ರವರಿ 11ರ ಹೊತ್ತಿಗೆ 12:45. ಅರ್ಧ ಗಂಟೆಯ ವ್ಯತ್ಯಾಸ! ದೂರದ ಉತ್ತರದ ಊರುಗಳಲ್ಲಿ ಹಗಲು ಎಷ್ಟು ವೇಗವಾಗಿ ಹಿಗ್ಗಿ ಕುಗ್ಗುತ್ತದೆಂದರೆ ಈ ಜಾರುವಿಕೆ ಅದರಡಿ ಮುಚ್ಚಿಹೋಗುತ್ತದೆ. ನಮ್ಮಲ್ಲಿ ಹಗಲಿನ ಏರುಪೇರೇ ಕಡಿಮೆ, ಆದ್ದರಿಂದ ಇದು ಎದ್ದು ಕಾಣುತ್ತದೆ.

ನಂಬಿಕೆ ಬರದಿದ್ದರೆ ಉದಯ ಮತ್ತು ಅಸ್ತದ ನಟ್ಟನಡುವಿನ ಸಮಯ ತೆಗೆಯಿರಿ. ನವೆಂಬರ್ 20ರಂದು 6:31 ಮತ್ತು 6:01, ನಡು 12:16. ಜನವರಿ 25ರಂದು 6:57 ಮತ್ತು 6:28, ನಡು 12:42. ವರ್ಷದ ಅತಿ ಬೇಗನೆಯ ಸೂರ್ಯಾಸ್ತ ನವೆಂಬರ್ ಮೂರನೇ ವಾರದಲ್ಲೇ ಮುಗಿದಿರುತ್ತದೆ ಎಂಬುದನ್ನು ಇಲ್ಲೇ ಗುರುತು ಹಾಕಿಕೊಳ್ಳಿ. ಹಾಗೆಯೇ ಅತಿ ತಡವಾದ ಸೂರ್ಯಾಸ್ತ ಜುಲೈ ಮೊದಲರ್ಧದಲ್ಲಿ, 7:01ರ ಸುಮಾರಿಗೆ. ಆಗ ಜೋರು ಮಳೆಗಾಲ. ಅದನ್ನು ಕಣ್ಣಾರೆ ಕಂಡವರು ಕಡಿಮೆ.

ಇನ್ನು ಎಲ್ಲಿ ನಿಲ್ಲಬೇಕು? ಕರಾವಳಿಯ ಊರ ಹೆಸರುಗಳೇ ದಿಕ್ಕು ಹೇಳುತ್ತವೆ: ಹೊತ್ತು ಮೂಡುವ ಕಡೆ ಮೂಡು, ಅದು ಪಡುವ ಕಡೆ ಪಡು, ಮೂಡುಬಿದಿರೆ, ಪಡುಬಿದ್ರಿ. ಸೂರ್ಯಾಸ್ತಕ್ಕೆ ಪಣಂಬೂರು, ತಣ್ಣೀರುಬಾವಿ, ಸುರತ್ಕಲ್, ಉಳ್ಳಾಲ ಎಲ್ಲವೂ ಒಳ್ಳೆಯವೇ. ನನಗೆ ಹೆಚ್ಚು ಹಿಡಿಸುವುದು ಸೋಮೇಶ್ವರ. ಸೋಮನಾಥ ದೇವಸ್ಥಾನದ ಹತ್ತಿರ ಕಡಲಿಗೆ ಚಾಚಿದ ಬಂಡೆಗಳಿವೆ. ದಿಕ್ಕು ಗುರುತಿಸಲು ಅವು ಒಳ್ಳೆಯ ಆಧಾರ. ಡಿಸೆಂಬರಿನಲ್ಲಿ ಸೂರ್ಯ ನೇರ ಪಡುವಣದಿಂದ 24 ಡಿಗ್ರಿ ತೆಂಕಕ್ಕೆ, ಜೂನಿನಲ್ಲಿ ಅಷ್ಟೇ ಬಡಗಕ್ಕೆ ಇಳಿಯುತ್ತಾನೆ. ಒಂದೇ ಜಾಗದಲ್ಲಿ ನಿಂತು ಬಂಡೆಯ ಗುರುತಿಟ್ಟುಕೊಂಡು ತಿಂಗಳಿಗೊಮ್ಮೆ ನೋಡಿದರೆ ಉತ್ತರಾಯಣ, ದಕ್ಷಿಣಾಯನ ಕಣ್ಣೆದುರೇ ನಡೆಯುತ್ತವೆ. ಅಲ್ಲಿ ಅಲೆಯ ಸೆಳೆತ ಜೋರು, ನೀರಿಗಿಳಿಯಬೇಡಿ.

ಸೂರ್ಯೋದಯದ ಕತೆ ಬೇರೆ. ಮೂಡಣಕ್ಕೆ ಗುಡ್ಡ, ತೆಂಗು, ಅದರಾಚೆ ಪಶ್ಚಿಮ ಘಟ್ಟ. ಪಟ್ಟಿಯ ಸಮಯ ಹೇಳುವುದು ಅಡ್ಡಿಯಿಲ್ಲದ ದಿಗಂತಕ್ಕೆ. ನಮಗೆ ಸೂರ್ಯ ಕಾಣುವುದು ಕೆಲವು ನಿಮಿಷ ತಡವಾಗಿ. ಕಣ್ಣೆದುರಿನ ಅಡ್ಡಿ ಒಂದು ಡಿಗ್ರಿ ಎತ್ತರವಿದ್ದರೆ 4 ನಿಮಿಷಕ್ಕಿಂತ ತುಸು ಹೆಚ್ಚು. ಕದ್ರಿ ಗುಡ್ಡದ ಮೇಲೆ, ನೇತ್ರಾವತಿಯ ದಡದಲ್ಲಿ ಮೂಡಣ ದಿಕ್ಕು ತೆರೆದಿರುವ ಕಡೆ ನಿಂತರೆ ಚೆನ್ನಾಗಿ ಕಾಣುತ್ತದೆ. ನದಿದಡದ ಹಳೆಯ ಕಾವಲು ಬುರುಜು ಸುಲ್ತಾನ್ ಬತ್ತೇರಿಯಿಂದ ಗುರುಪುರ ನದಿ ದಾಟಿ ತಣ್ಣೀರುಬಾವಿಯ ಹೊಳೆಬದಿಗೆ ಹೋದರೆ ನೀರಿನ ಮೇಲೆ ಬೆಳಕು, ಹಿಂದೆ ಊರು. ಅದೇ ಬತ್ತೇರಿಯಲ್ಲಿ ಸಂಜೆ ನಿಂತರೆ ಎದುರು ದಡದ ಮರಗಳ ಹಿಂದೆ ಸೂರ್ಯ ಪಟ್ಟಿಗಿಂತ ಮೊದಲೇ ಮರೆಯಾಗುತ್ತಾನೆ. ಪಟ್ಟಿ ತಪ್ಪಲ್ಲ, ನಮ್ಮ ದಿಗಂತ ಬೇರೆ.

ಮಳೆಗಾಲ ಮುಗಿದ ಮೇಲಿನ ಅಕ್ಟೋಬರ್, ನವೆಂಬರ್ ನೋಡಲು ಚೆನ್ನ. ಆಮೇಲೆ ಕಡಲಂಚಿನಲ್ಲಿ ಮಬ್ಬು ಕವಿದು, ಸೂರ್ಯ ನೀರು ಮುಟ್ಟುವ ಮೊದಲೇ ಅದರೊಳಗೆ ಕರಗುವ ದಿನಗಳು ಹೆಚ್ಚು. ಮುಳುಗಿದ ಮೇಲೆ ಓದಲು ಸಾಕಾಗುವಷ್ಟು ಬೆಳಕಿರುವುದು ಇಪ್ಪತ್ತು ನಿಮಿಷದ ಆಸುಪಾಸು; ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚು ಓರೆಯಾಗದೆ ಇಳಿಯುವುದರಿಂದ ಕತ್ತಲೆ ಬೇಗ ಕವಿಯುತ್ತದೆ.

ಕೊನೆಗೊಂದು ಪ್ರಯೋಗ. ಬಾನು ತಿಳಿಯಾಗಿರುವ ಸಂಜೆ ಮರಳಿನ ಮೇಲೆ ಮಲಗಿ, ಸೂರ್ಯನ ಕೊನೆಯ ಅಂಚು ಮುಳುಗುವುದನ್ನು ಕಾಯಿರಿ, ಪ್ರಖರವಾಗಿರುವಾಗ ದಿಟ್ಟಿಸಬೇಡಿ. ಮುಳುಗಿದ ಕೂಡಲೇ ಥಟ್ಟನೆ ಎದ್ದು ನಿಲ್ಲಿ. ಕಣ್ಣು ಮೇಲೇರಿದಷ್ಟೂ ದಿಗಂತ ಕೆಳಗಿಳಿಯುತ್ತದೆ. ಆ ಕೆಂಪು ಅಂಚು ಮತ್ತೆ ಕಾಣಿಸಿಕೊಂಡು, ನಾಲ್ಕಾರು ಸೆಕೆಂಡಿನಲ್ಲಿ ಎರಡನೇ ಸಲ ಕಂತುತ್ತದೆ.