ಒಂದು ಈರುಳ್ಳಿ ಹಿಡಿದು ಜೀವಶಾಸ್ತ್ರದ ಶಾಖೆಗಳನ್ನು ಓದೋಣ

ಪಿಯುಸಿಗೆ ಬಂದ ಕೂಡಲೇ ಜೀವಶಾಸ್ತ್ರ ದೊಡ್ಡದಾಗಿ ಕಾಣುತ್ತದೆ. ಮಾರ್ಫಾಲಜಿ, ಅನಾಟಮಿ, ಫಿಸಿಯಾಲಜಿ, ಟ್ಯಾಕ್ಸಾನಮಿ, ಸೈಟಾಲಜಿ, ಜೆನೆಟಿಕ್ಸ್, ಇಕಾಲಜಿ ಅಂತ ಸಾಲು ಸಾಲು ಹೆಸರು. ಒಂದೊಂದಕ್ಕೂ ಒಂದು ಸಾಲಿನ ವ್ಯಾಖ್ಯೆ ಬಾಯಿಪಾಠ ಮಾಡಿದರೆ ಒಂದು ಅಂಕ ಬರಬಹುದು. ಆದರೆ ವಿಷಯ ತಲೆಯಲ್ಲಿ ಉಳಿಯುವುದಿಲ್ಲ. ನಾನು ಹೇಳುವ ದಾರಿ ಬೇರೆ. ಒಂದೇ ಜೀವಿಯನ್ನು ಹಿಡಿದು ಪ್ರಶ್ನೆ ಕೇಳುತ್ತಾ ಹೋಗಿ. ಪ್ರಶ್ನೆ ಬದಲಾದಂತೆ ಶಾಖೆ ಬದಲಾಗುತ್ತದೆ. ಇಲ್ಲಿ ಈರುಳ್ಳಿ ತೆಗೆದುಕೊಳ್ಳೋಣ. ಎಲ್ಲರ ಅಡುಗೆಮನೆಯಲ್ಲೂ ಇದೆ, ಲ್ಯಾಬಿನಲ್ಲೂ ಇದೆ.

ಮೊದಲ ಪ್ರಶ್ನೆ: ನಾವು ತಿನ್ನುವುದು ಗಿಡದ ಯಾವ ಭಾಗ? ಇದು ಮಾರ್ಫಾಲಜಿ. ಈರುಳ್ಳಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿ ನೋಡಿ. ಬುಡದಲ್ಲಿ ಗಟ್ಟಿಯಾದ ಒಂದು ಚಿಕ್ಕ ಬಿಲ್ಲೆ ಇರುತ್ತದೆ, ಅದೇ ಕಾಂಡ. ಅದರ ಕೆಳಗಿಂದ ತಂತುಬೇರು, ಮೇಲೆ ನಡುವಿನಲ್ಲಿ ಮೊಗ್ಗು. ನಾವು ಹೆಚ್ಚಿ ಒಗ್ಗರಣೆಗೆ ಹಾಕುವುದು ಎಲೆಗಳ ಬುಡ, ಆಹಾರ ತುಂಬಿಕೊಂಡು ದಪ್ಪಗಾದದ್ದು. ಹೊರಗಿನ ಒಣ ಸಿಪ್ಪೆಯೂ ಎಲೆಯ ಬುಡವೇ. ಮಣ್ಣಿನಡಿ ಬೆಳೆದದ್ದನ್ನೆಲ್ಲ ಬೇರು ಅಂದುಕೊಳ್ಳುವವರು ಜಾಸ್ತಿ. ಈ ಹೋಳು ಒಮ್ಮೆ ನೋಡಿದರೆ ಸಾಕು, ಗೊಂದಲ ಹೋಗುತ್ತದೆ.

ಟ್ಯಾಕ್ಸಾನಮಿ, ಅಂದರೆ ವರ್ಗೀಕರಣ, ಬೇಗ ಮುಗಿಯುತ್ತದೆ. ವೈಜ್ಞಾನಿಕ ಹೆಸರು ಆಲಿಯಂ ಸೀಪಾ. ಏಕದಳ ಸಸ್ಯ. ಹೂವಿನಲ್ಲಿ ಆರು ಟೆಪಲ್ (ಪುಷ್ಪಪತ್ರ, ದಳ ಎಂಬ ಭೇದವಿಲ್ಲದ ಎಸಳು), ಆರು ಕೇಸರ, ಮೂರು ಕೋಣೆಗಳ ಅಂಡಾಶಯ. ಹಳೆಯ ಪುಸ್ತಕಗಳಲ್ಲಿ ಇದರ ಕುಟುಂಬ ಲಿಲಿಯೇಸಿ, ಈಗಿನ ವರ್ಗೀಕರಣದಲ್ಲಿ ಅಮರಿಲಿಡೇಸಿ. ಡಿಎನ್‌ಎ ಹೋಲಿಸಿ ನೋಡಲು ಶುರುಮಾಡಿದ ಮೇಲೆ ಇಂಥ ಎಷ್ಟೋ ಕುಟುಂಬಗಳ ಗಡಿ ಬದಲಾಯಿತು. ಪರೀಕ್ಷೆಗೆ ನಿಮ್ಮ ಪಠ್ಯದಲ್ಲಿ ಇರುವುದನ್ನೇ ಬರೆಯಿರಿ.

ಈಗ ಸೈಟಾಲಜಿ, ಅಂದರೆ ಕೋಶಗಳ ಅಧ್ಯಯನ. ಇಲ್ಲಿ ಸ್ವಲ್ಪ ನಿಲ್ಲಬೇಕು. ನೀರು ತುಂಬಿದ ಗಾಜಿನ ಬಾಟಲಿಯ ಬಾಯಿಗೆ ಈರುಳ್ಳಿಯ ಬುಡ ತಾಗುವಂತೆ ಇಟ್ಟರೆ ಕೆಲವು ದಿನಗಳಲ್ಲಿ ಬಿಳಿ ಬೇರು ಇಳಿಯುತ್ತದೆ. ತುದಿಯನ್ನು ಬೆಳಗ್ಗೆ ಕತ್ತರಿಸಿ, ಅಸಿಟೋ-ಆಲ್ಕೋಹಾಲಿನಲ್ಲಿ ಇಟ್ಟು, ಆಮ್ಲದಲ್ಲಿ ಮೆತ್ತಗೆ ಮಾಡಿ, ಅಸಿಟೋಕಾರ್ಮಿನ್ ಬಣ್ಣ ಹಚ್ಚಿ, ಕವರ್‌ಸ್ಲಿಪ್ ಮೇಲೆ ಮೆಲ್ಲಗೆ ಒತ್ತಿದರೆ ಸ್ಲೈಡ್ ತಯಾರು. ನೋಡಿದಾಗ ಹೆಚ್ಚಿನ ಕೋಶಗಳಲ್ಲಿ ದುಂಡನೆಯ ನ್ಯೂಕ್ಲಿಯಸ್ ಮಾತ್ರ ಕಾಣುತ್ತದೆ. ಸ್ಲೈಡ್ ಕೆಟ್ಟಿದೆ ಅಂದುಕೊಳ್ಳಬೇಡಿ. ಕೋಶಚಕ್ರದ ಬಹುಪಾಲು ಸಮಯ ಇಂಟರ್‌ಫೇಸಿನಲ್ಲೇ, ಅಂದರೆ ಎರಡು ವಿಭಜನೆಗಳ ನಡುವಿನ ಹಂತದಲ್ಲೇ, ಕಳೆಯುತ್ತದೆ. ಹಾಗಾಗಿ ಅಂಥ ಕೋಶಗಳೇ ಜಾಸ್ತಿ ಇರಬೇಕು ಅಲ್ವಾ?

ಈರುಳ್ಳಿ ಬೇರಿನ ಕೋಶದಲ್ಲಿ 16 ಕ್ರೋಮೋಸೋಮ್. ಇದನ್ನೇ ಇಟ್ಟುಕೊಂಡು ಕೇಳುವ ಪ್ರಶ್ನೆಯಲ್ಲಿ ತುಂಬ ಜನ ಎಡವುತ್ತಾರೆ: ಜಿ1ರಲ್ಲಿ (ಡಿಎನ್‌ಎ ನಕಲಾಗುವ ಮೊದಲು) ಎಷ್ಟು, ಎಸ್ ಹಂತ (ಡಿಎನ್‌ಎ ನಕಲಾಗುವ ಹಂತ) ಮುಗಿದ ಮೇಲೆ ಎಷ್ಟು, ಎಂ ಹಂತ (ವಿಭಜನೆಯ ಹಂತ) ಮುಗಿದ ಮೇಲೆ ಎಷ್ಟು? ಮೂರಕ್ಕೂ ಉತ್ತರ 16. ಎಸ್ ಹಂತದಲ್ಲಿ ದುಪ್ಪಟ್ಟಾಗುವುದು ಡಿಎನ್‌ಎ ಪ್ರಮಾಣ, 2ಸಿ ಇದ್ದದ್ದು 4ಸಿ ಆಗುತ್ತದೆ (ಸಿ ಅಂದರೆ ಒಂದು ಸೆಟ್ ಕ್ರೋಮೋಸೋಮಿನ ಡಿಎನ್‌ಎ ಪ್ರಮಾಣ). ಕ್ರೋಮೋಸೋಮನ್ನು ಸೆಂಟ್ರೋಮಿಯರ್ ನೋಡಿ ಎಣಿಸುತ್ತೇವೆ. ನಕಲಾದ ಎರಡು ಎಳೆಗಳು, ಅಂದರೆ ಕ್ರೊಮ್ಯಾಟಿಡ್‌ಗಳು ಸೆಂಟ್ರೋಮಿಯರ್ ಬಳಿ ಅಂಟಿಕೊಂಡಿರುವವರೆಗೂ ಅದು ಒಂದೇ ಲೆಕ್ಕ. ಅನಾಫೇಸಿನಲ್ಲಿ ಅವು ಬೇರೆಯಾದಾಗ ಆ ಒಂದು ಕೋಶದೊಳಗೆ ಸ್ವಲ್ಪ ಹೊತ್ತು 32 ಇರುತ್ತವೆ. ಆಮೇಲೆ ಎರಡೂ ಕೋಶಗಳಿಗೆ 16, 16. ಇದೇ ಲೆಕ್ಕವನ್ನು ದ್ವಿತೀಯ ಪಿಯುಸಿಗೂ ಒಯ್ಯಿರಿ. ಗ್ಯಾಮೀಟ್‌ನಲ್ಲಿ 8. ಬೀಜದೊಳಗೆ ಆಹಾರ ಕೂಡಿಡುವ ಎಂಡೋಸ್ಪರ್ಮ್ ಟ್ರಿಪ್ಲಾಯ್ಡ್ (ಮೂರು ಸೆಟ್ ಕ್ರೋಮೋಸೋಮ್) ಆದ್ದರಿಂದ 24.

ಇನ್ನೊಂದು ವಿಷಯ ನನಗೆ ತುಂಬ ಇಷ್ಟ. ಮನುಷ್ಯನ ಜೀನೋಮ್, ಅಂದರೆ ಒಂದು ಸೆಟ್ ಕ್ರೋಮೋಸೋಮಿನ ಒಟ್ಟು ಡಿಎನ್‌ಎ, ಸುಮಾರು 300 ಕೋಟಿ ಬೇಸ್ ಜೋಡಿ. ಈರುಳ್ಳಿಯದ್ದು ಸುಮಾರು 1,600 ಕೋಟಿ! ಹೆಚ್ಚಿನದು ಮತ್ತೆ ಮತ್ತೆ ಬರುವ ಡಿಎನ್‌ಎ. ಡಿಎನ್‌ಎ ಜಾಸ್ತಿ ಇದ್ದರೆ ಜೀವಿ ಹೆಚ್ಚು ಸಂಕೀರ್ಣ ಅನ್ನುವ ಊಹೆ ಇಲ್ಲಿಗೆ ಬಿದ್ದುಹೋಗುತ್ತದೆ.

ಹೆಚ್ಚುವಾಗ ಕಣ್ಣಲ್ಲಿ ನೀರು ಯಾಕೆ? ಈ ಒಂದು ಪ್ರಶ್ನೆ ಮೂರು ಪಾಠಗಳನ್ನು ಜೋಡಿಸುತ್ತದೆ. ಆಲಿನೇಸ್ ಅನ್ನುವ ಕಿಣ್ವ ಕೋಶದೊಳಗಿನ ಚೀಲದಂಥ ವ್ಯಾಕ್ಯೂಲಿನಲ್ಲಿ ಇರುತ್ತದೆ. ಅದು ಕೆಲಸ ಮಾಡಬೇಕಾದ ಗಂಧಕದ ಸಂಯುಕ್ತ ಸೈಟೋಪ್ಲಾಸಮಿನಲ್ಲಿ. ನಡುವೆ ವ್ಯಾಕ್ಯೂಲಿನ ಪೊರೆ ಇರುವವರೆಗೂ ಏನೂ ಆಗುವುದಿಲ್ಲ. ಚಾಕು ತಾಗಿ ಪೊರೆ ಹರಿದರೆ ಎರಡೂ ಸೇರುತ್ತವೆ. ಮುಂದೆ ಇನ್ನೊಂದು ಕಿಣ್ವವೂ ಕೈಹಾಕಿ ಕಣ್ಣು ಉರಿಸುವ ಅನಿಲ ಹುಟ್ಟುತ್ತದೆ. ಇಲ್ಲಿವರೆಗೆ ಕೋಶ ಮತ್ತು ಜೈವಿಕ ಅಣುಗಳ ಪಾಠ. ಅನಿಲ ಕಾರ್ನಿಯಾದ ನರತುದಿಗಳನ್ನು ಕೆರಳಿಸಿ, ಅನೈಚ್ಛಿಕ ಪ್ರತಿಕ್ರಿಯೆಯಾಗಿ ಕಣ್ಣೀರಿನ ಗ್ರಂಥಿ ಸ್ರವಿಸುವುದು ಮಾನವ ಫಿಸಿಯಾಲಜಿ. ಇಡೀ ಈರುಳ್ಳಿಯನ್ನು ಮೊದಲೇ ಬೇಯಿಸಿ ಹೆಚ್ಚಿದರೆ ಕಣ್ಣು ಉರಿಯುವುದಿಲ್ಲ. ಶಾಖಕ್ಕೆ ಕಿಣ್ವದ ಪ್ರೋಟೀನ್ ಡಿನೇಚರ್ ಆಗಿರುತ್ತದೆ, ಅಂದರೆ ಆಕಾರ ಕೆಟ್ಟು ಕೆಲಸ ನಿಲ್ಲಿಸಿರುತ್ತದೆ.

ಜೆನೆಟಿಕ್ಸಿಗೆ ಬನ್ನಿ. ಹೈಬ್ರಿಡ್ ತಳಿ ಮಾಡಲು ತಾಯಿಗಿಡದ ಹೂವಿನ ಕೇಸರ ಕಿತ್ತು ಹಾಕಬೇಕು, ಅದೇ ಎಮ್ಯಾಸ್ಕುಲೇಷನ್. ಈರುಳ್ಳಿಯ ಒಂದು ತೆನೆಯಲ್ಲಿ ನೂರಾರು ಪುಟಾಣಿ ಹೂವು. ಒಂದೊಂದನ್ನೂ ಕೈಯಿಂದ ಮಾಡಿ ಮುಗಿಸಲು ಆಗುವ ಕೆಲಸವಲ್ಲ. 1925ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಳಿತಜ್ಞ ಹೆನ್ರಿ ಜೋನ್ಸ್ ಅವರಿಗೆ ಪರಾಗವೇ ಫಲಿಸದ ಒಂದು ಈರುಳ್ಳಿ ಗಿಡ ಸಿಕ್ಕಿತು. ಅಂಥ ಗಿಡವನ್ನು ತಾಯಿಯಾಗಿ ಇಟ್ಟುಕೊಂಡರೆ ಕೇಸರ ಕೀಳುವ ಕೆಲಸವೇ ಇಲ್ಲ. ಈ ಗುಣ ಸೈಟೋಪ್ಲಾಸಮಿನಿಂದ, ಅಂದರೆ ಮೈಟೋಕಾಂಡ್ರಿಯದ ಮೂಲಕ, ತಾಯಿಯಿಂದ ಬರುತ್ತದೆ. ಮೆಂಡೆಲನ 3:1 ಇದಕ್ಕೆ ಹೊಂದುವುದಿಲ್ಲ. ಹೈಬ್ರಿಡ್ ಗಿಡದ ಪರಾಗ ಫಲಿಸದಿದ್ದರೂ ರೈತರಿಗೆ ನಷ್ಟವಿಲ್ಲ, ಅವರಿಗೆ ಬೇಕಾದದ್ದು ಗೆಡ್ಡೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೀರ್ತಿಮಾನ್ ಮತ್ತು ಅರ್ಕಾ ಲಾಲಿಮಾ ಹೈಬ್ರಿಡ್‌ಗಳು ಈ ದಾರಿಯಲ್ಲೇ ಬಂದವು.

ಚಿತ್ರದುರ್ಗ, ಚಳ್ಳಕೆರೆ ಕಡೆಯವರಾದರೆ ಹೊಲದಲ್ಲಿ ಇನ್ನಷ್ಟು ಪಾಠ ಸಿಗುತ್ತದೆ. ಎಲೆಯ ಮೇಲೆ ನೇರಳೆ ಮಚ್ಚೆ ಕಂಡರೆ ಅದು ಆಲ್ಟರ್ನೇರಿಯಾ ಶಿಲೀಂಧ್ರದ ಕೆಲಸ. ಪಠ್ಯದಲ್ಲಿ ಡ್ಯೂಟೆರೋಮೈಸೀಟ್ಸ್ ಎಂಬ ಶಿಲೀಂಧ್ರ ಗುಂಪಿನ ಕೆಳಗೆ ಉದಾಹರಣೆಯಾಗಿ ಬರುವ ಹೆಸರು ಇದೇ. ಹೂಬಿಟ್ಟ ತೆನೆಗೆ ಜೇನು ಬರುವುದು ಇಕಾಲಜಿ.

ಇದೇ ರೀತಿ ಪ್ರಾಣಿಗಳಿಗೆ ಕಪ್ಪೆಯನ್ನು ಹಿಡಿದು ನೀವೇ ಮಾಡಿ ನೋಡಿ. ವರ್ಗ ಯಾವುದು, ಹೃದಯಕ್ಕೆ ಎಷ್ಟು ಕೋಣೆ, ಫಲೀಕರಣ ಎಲ್ಲಿ ಅಂತ ಶುರುಮಾಡಿ ವಿಸರ್ಜನೆಗೆ ಬನ್ನಿ. ಗೊದಮೊಟ್ಟೆ ಅಮೋನಿಯಾ ಹೊರಹಾಕುತ್ತದೆ, ದೊಡ್ಡ ಕಪ್ಪೆ ಯೂರಿಯಾ. ಅಮೋನಿಯಾ ಬಲು ವಿಷ, ಅದನ್ನು ತೆಳುಮಾಡಲು ತುಂಬ ನೀರು ಬೇಕು. ನೀರಲ್ಲೇ ಇರುವ ಮರಿಗೆ ಅದಕ್ಕೆ ಕೊರತೆಯಿಲ್ಲ. ನೆಲಕ್ಕೆ ಬಂದ ಕಪ್ಪೆ ನೀರು ಉಳಿಸಬೇಕು, ಹಾಗಾಗಿ ಪಿತ್ತಜನಕಾಂಗದಲ್ಲಿ ಯೂರಿಯಾ ಮಾಡಿಕೊಳ್ಳುತ್ತದೆ.