ಗಜಲಿನ ಮೇಲಿನ ದೂರು ಮತ್ತು ಮುಹಮ್ಮದ್ ಹುಸೇನ್ ಆಜಾದ್

ಪ್ರೇಮ, ಮದಿರೆಗಳಲ್ಲೇ ಮುಳುಗಿದ ಪದ್ಯವೆಂದು ಉರ್ದು ಗಜಲಿಗೆ ಕೆಟ್ಟ ಹೆಸರು ತಂದವರು ಯಾರು ಎಂಬ ಜಗಳ ಎದ್ದಾಗಲೆಲ್ಲ ಮುಹಮ್ಮದ್ ಹುಸೇನ್ ಆಜಾದರ ಹೆಸರು ಬರುತ್ತದೆ. ಬ್ರಿಟಿಷ್ ಸರ್ಕಾರದ ಸಂಬಳ ಉಂಡು ಹಳೆಯ ಕಾವ್ಯವನ್ನು ಹಳಿದರು ಎನ್ನುವವರಿದ್ದಾರೆ. ಆ ಕಾವ್ಯದ ಚರಿತ್ರೆ ಉಳಿದದ್ದೇ ಅವರಿಂದ ಎನ್ನುವವರೂ ಇದ್ದಾರೆ. ಇಬ್ಬರ ಬಳಿಯೂ ಪುರಾವೆಯಿದೆ.

1830ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಆಜಾದ್ ಕವಿ ಜೌಕರ ಶಿಷ್ಯರು. ತಂದೆ ಮೌಲ್ವಿ ಮುಹಮ್ಮದ್ ಬಾಕರ್ 'ದಿಲ್ಲಿ ಉರ್ದು ಅಖ್ಬಾರ್' ಪತ್ರಿಕೆ ನಡೆಸುತ್ತಿದ್ದರು. 1857ರಲ್ಲಿ ಪತ್ರಿಕೆ ಬಂಡಾಯದ ಪರ ನಿಂತಿತು. ದಿಲ್ಲಿ ಮತ್ತೆ ಬ್ರಿಟಿಷರ ವಶವಾದಾಗ ಬಾಕರರನ್ನು ಕೊಲ್ಲಲಾಯಿತು. ಬ್ರಿಟಿಷರ ಸೈನಿಕರು ಮನೆಗೆ ನುಗ್ಗಿದಾಗ ಗುರುವಿನ ಗಜಲುಗಳ ಕಟ್ಟನ್ನೇ ಎತ್ತಿಕೊಂಡು ಹೊರಟೆ ಎಂದು ಮಗ ಮುಂದೆ ಬರೆದುಕೊಂಡರು. ಅಲೆದಲೆದು ಕೊನೆಗೆ ನೌಕರಿ ಸಿಕ್ಕಿದ್ದು ಲಾಹೋರಿನ ಶಿಕ್ಷಣ ಇಲಾಖೆಯಲ್ಲಿ. ಹೊಟ್ಟೆಪಾಡಿಗೆ ಬೇರೆ ದಾರಿ ಏನಿತ್ತು?

ದೂರಿನ ಬೇರು ಇರುವುದು 1874ರಲ್ಲಿ. ಶಾಲಾಪುಸ್ತಕಗಳಿಗೆ ಪ್ರೇಮ, ಮದಿರೆಗಳಿಲ್ಲದ ಪದ್ಯ ಬೇಕೆಂಬುದು ಅಧಿಕಾರಿಗಳ ಅಪೇಕ್ಷೆ. ಪಂಜಾಬಿನ ಶಿಕ್ಷಣ ನಿರ್ದೇಶಕ ಕರ್ನಲ್ ಹಾಲ್‌ರಾಯ್ಡ್ ಬೆಂಬಲದಿಂದ ಲಾಹೋರಿನ ಅಂಜುಮನ್-ಎ-ಪಂಜಾಬ್ ಎಂಬ ಸಂಘ ಹೊಸ ಬಗೆಯ ಮುಷಾಯಿರಾ, ಅಂದರೆ ಕವಿಗೋಷ್ಠಿ, ಶುರುಮಾಡಿತು. ಅಲ್ಲಿಯವರೆಗೆ ಮುಷಾಯಿರಾಕ್ಕೆ ಒಂದು ಸಾಲು ಕೊಡುವುದು ವಾಡಿಕೆ. ಅದರ ಛಂದಸ್ಸು, ಪ್ರಾಸ ಹಿಡಿದು ಕವಿಗಳು ಗಜಲು ಕಟ್ಟುತ್ತಿದ್ದರು. ಲಾಹೋರಿನಲ್ಲಿ ಕೊಟ್ಟದ್ದು ವಿಷಯ: ಮಳೆಗಾಲ, ಭರವಸೆ, ದೇಶಪ್ರೇಮ. ಕವಿ ಅಲ್ತಾಫ್ ಹುಸೇನ್ ಹಾಲಿ ಆಗ ಲಾಹೋರಿನಲ್ಲೇ ಇದ್ದರು. ಮಳೆಗಾಲದ ಮೇಲಿನ ಅವರ ಕವನ 'ಬರ್ಖಾ ರುತ್' ಹುಟ್ಟಿದ್ದು ಈ ಸರಣಿಗಾಗಿ. ಉರ್ದು ಕಾವ್ಯ ಹಳೆಯ ಅಲಂಕಾರಗಳಲ್ಲೇ ಸುತ್ತುತ್ತಿದೆ, ಕಣ್ಣೆದುರಿನ ಲೋಕ ಅದಕ್ಕೆ ಕಾಣುತ್ತಿಲ್ಲ ಎಂದು ಆಜಾದ್ ಭಾಷಣದಲ್ಲಿ ವಾದಿಸಿದರು. ಪತ್ರಿಕೆಗಳಲ್ಲಿ ಟೀಕೆ ಬಂತು. ಒಂದು ವರ್ಷ ತುಂಬುವ ಮೊದಲೇ ಸರಣಿ ನಿಂತಿತು. ನಿಂತರೇನು, ಹಾಲಿಯವರು 1893ರ ತಮ್ಮ ಕಾವ್ಯವಿಮರ್ಶೆ 'ಮುಕದ್ದಮಾ'ದಲ್ಲಿ ಅದೇ ವಾದವನ್ನು ಇನ್ನಷ್ಟು ಗಟ್ಟಿಯಾಗಿ ಕಟ್ಟಿದರು. ಪಾಠಶಾಲೆಗಳಲ್ಲಿ ಅದು ಬೇರೂರಿತು.

ಆದರೆ ಆಜಾದರೇ ಬರೆದ ಉರ್ದು ಕಾವ್ಯದ ಚರಿತ್ರೆ, 1880ರ 'ಆಬ್-ಎ-ಹಯಾತ್' ತೆರೆದರೆ ಕಾಣುವ ಆಜಾದರೇ ಬೇರೆ. ವಲಿಯಿಂದ ಗಾಲಿಬರವರೆಗಿನ ಕವಿಗಳ ಜಗಳ, ಕುಹಕ, ಸೊಗಸು ಎಲ್ಲವೂ ಅಲ್ಲಿವೆ. ಪ್ರೀತಿಯಿಲ್ಲದವರು ಹಾಗೆ ಬರೆಯಲಾರರು. ಕುಂದುಗಳಿಲ್ಲವೆಂದಲ್ಲ: ಮೊದಲ ಮುದ್ರಣದಲ್ಲಿ ಗಾಲಿಬರ ಸಮಕಾಲೀನ ಕವಿ ಮೋಮಿನರಿಗೆ ಜಾಗವೇ ಇರಲಿಲ್ಲ, ಹೆಣ್ಣು ಕವಿಗಳಿಗಂತೂ ಆಮೇಲೂ ಸಿಗಲಿಲ್ಲ. ರಂಜನೆಗಾಗಿ ಕತೆ ಕಟ್ಟಿದ್ದೂ ಉಂಟು.

ಬದುಕಿನ ಕೊನೆಯ ಎರಡು ದಶಕ ಬುದ್ಧಿ ಸ್ತಿಮಿತ ತಪ್ಪಿ ಕಳೆದವು. 1910ರಲ್ಲಿ ಲಾಹೋರಿನಲ್ಲೇ ತೀರಿಕೊಂಡರು. ಅಷ್ಟಕ್ಕೇ ತಕರಾರು ಮುಗಿಯಲಿಲ್ಲ. ಅವರು ಸಂಪಾದಿಸಿದ ಜೌಕರ ಸಂಕಲನದಲ್ಲಿ ಶಿಷ್ಯನೇ ಬರೆದು ಸೇರಿಸಿದ ಸಾಲುಗಳಿವೆ ಎಂದು ನಂತರದ ಸಂಶೋಧಕರು ಆರೋಪಿಸಿದ್ದಾರೆ. ನಿಜವಾದರೆ, ಗಜಲಿನ ಕಾಲ ಮುಗಿಯಿತೆಂದವರೇ ಗುರುವಿನ ಹೆಸರಲ್ಲಿ ಗಜಲು ಬರೆಯುತ್ತಿದ್ದರು.