ಕಪ್ಪಾ ಹೊಳೆದು ಲ್ಯಾಂಬ್ಡಾ ಕತ್ತಲಾದರೆ: ಎಂಜಿಆರ್‌ಎಸ್ ಟಿಪ್ಪಣಿ

ಎಂಜಿಯುಎಸ್ (ರಕ್ತದಲ್ಲಿ ಒಂದೇ ಅಚ್ಚಿನ ಪ್ರತಿಕಾಯ ಕಾಣಿಸಿದರೂ ಇನ್ನೂ ಕ್ಯಾನ್ಸರ್ ಆಗಿರದ ಸ್ಥಿತಿ) ಎಂದ ಕೂಡಲೇ ನಮ್ಮ ಬಾಯಿಗೆ ಬರುವುದು ಅಂಕಿಗಳು. ರಕ್ತದಲ್ಲಿ ಎಂ ಪ್ರೋಟೀನ್, ಅಂದರೆ ಆ ಪ್ರತಿಕಾಯ, ಡೆಸಿಲೀಟರಿಗೆ 3 ಗ್ರಾಂ ಒಳಗೆ, ಅಸ್ಥಿಮಜ್ಜೆಯಲ್ಲಿ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಜೀವಕೋಶ ಶೇ 10ಕ್ಕಿಂತ ಕಡಿಮೆ. 1978ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಕೈಲ್ ಕೊಟ್ಟ ಹೆಸರಿದು. ‘ಅಂಗಗಳಿಗೆ ಹಾನಿಯಾಗಿರಬಾರದು’ ಎಂಬ ಮೂರನೆಯ ಷರತ್ತನ್ನು ಓದಿಯೂ ಓದದಂತೆ ದಾಟಿಬಿಡುತ್ತೇವೆ. ಇವತ್ತಿನ ಪಾಠ ಇರುವುದೇ ಅಲ್ಲಿ.

ಒಂದು ಬಿ ಜೀವಕೋಶವೋ ಅದರಿಂದ ಹುಟ್ಟುವ ಪ್ಲಾಸ್ಮಾ ಜೀವಕೋಶವೋ ಹತೋಟಿ ತಪ್ಪಿ ತನ್ನ ನಕಲುಗಳನ್ನೇ ಹೆರುತ್ತಾ ಹೋದರೆ, ಆ ಹಿಂಡೆಲ್ಲ (ಇದೇ ಕ್ಲೋನ್) ಒಂದೇ ಅಚ್ಚಿನ ಪ್ರತಿಕಾಯ ಸುರಿಸುತ್ತದೆ. ಹಿಂಡು ಕ್ಯಾನ್ಸರ್ ಎನ್ನುವಷ್ಟು ಬೆಳೆದಿರಬೇಕಿಲ್ಲ. ಆ ಪ್ರೋಟೀನಿಗೆ ಕಿಡ್ನಿಯ ಶೋಧಕವಾದ ಗ್ಲೊಮೆರುಲಸ್‌ನಲ್ಲಿ ಕೂರುವ ಚಾಳಿಯಿದ್ದರೆ ಸಾಕು, ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳು ಕೆರಳಿ ಉರಿಯೂತ ಶುರು. ಮೂತ್ರದಲ್ಲಿ ರಕ್ತ, ಪ್ರೋಟೀನ್; ರಕ್ತದಲ್ಲಿ, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಏರಿಕೆ. ಇಂಥವರನ್ನು ‘ಸುಮ್ಮನೆ ನಿಗಾ ಇಡಿ’ ಎಂದು ಕಳಿಸುವುದು ತಪ್ಪೆಂದೇ 2012ರಲ್ಲಿ ಎಂಜಿಆರ್‌ಎಸ್ ಎಂಬ, ಕಿಡ್ನಿ ಹಾನಿಯನ್ನು ಸೂಚಿಸುವ ಬೇರೆ ಹೆಸರು ಬಂತು.

ಬಯಾಪ್ಸಿ ಇಲ್ಲದೆ ಇದು ಇತ್ಯರ್ಥವಾಗದು. ಇಮ್ಯುನೊಫ್ಲೋರೆಸೆನ್ಸ್ (ಪ್ರತಿಕಾಯ ಕೂತ ಜಾಗ ಹೊಳೆಯುವಂತೆ ಮಾಡುವ ಪರೀಕ್ಷೆ) ಸ್ಲೈಡುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಲೂಪಸ್‌ನಂಥ, ಪ್ರತಿಕಾಯಗಳು ದೇಹದ ಮೇಲೇ ತಿರುಗಿಬೀಳುವ ಕಾಯಿಲೆಯಲ್ಲಿ ಕಪ್ಪಾ, ಲ್ಯಾಂಬ್ಡಾ (ಪ್ರತಿಕಾಯದ ಲೈಟ್ ಚೈನ್ ಎಂಬ ಚಿಕ್ಕ ಸರಪಳಿಯ ಎರಡು ಬಗೆ; ಒಂದು ಪ್ರತಿಕಾಯದಲ್ಲಿ ಒಂದೇ ಬಗೆ) ಎರಡೂ ಹಸಿರಾಗಿ ಹೊಳೆಯುತ್ತವೆ, ಏಕೆಂದರೆ ಅಲ್ಲಿ ಪ್ರತಿಕಾಯಗಳು ನೂರಾರು ಕೋಶಗಳಿಂದ ಬಂದವು. ಇಲ್ಲಿ ಕಪ್ಪಾ ಮಾತ್ರ ಹೊಳೆದು ಲ್ಯಾಂಬ್ಡಾ ಸ್ಲೈಡ್ ಕತ್ತಲು, ಇಲ್ಲವೇ ತಿರುಗುಮುರುಗು. ಪಿಜಿಎನ್‌ಎಂಐಡಿ ಎಂಬ ಎಂಜಿಆರ್‌ಎಸ್ ಬಗೆಯಲ್ಲಿ ಸಾಮಾನ್ಯವಾಗಿ ಸಿಗುವುದು ಐಜಿಜಿ3 ಕಪ್ಪಾ ಎಂಬ ಪ್ರತಿಕಾಯ. ತಮಾಷೆಯೆಂದರೆ, ಕಿಡ್ನಿಯಲ್ಲಿ ಇಷ್ಟು ಸ್ಪಷ್ಟ ಸಾಕ್ಷಿಯಿದ್ದರೂ ಈ ಬಗೆಯ ಹೆಚ್ಚಿನವರ ರಕ್ತದಲ್ಲಿ, ಮಜ್ಜೆಯಲ್ಲಿ ಕ್ಲೋನ್ ಸಿಗುವುದೇ ಇಲ್ಲ.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನಾನು ಮುಗ್ಗರಿಸಿದ ಜಾಗ: ಫ್ರೀ ಲೈಟ್ ಚೈನ್ ಅನುಪಾತ, ಅಂದರೆ ರಕ್ತದಲ್ಲಿ ಬಿಡಿಯಾಗಿರುವ ಕಪ್ಪಾ, ಲ್ಯಾಂಬ್ಡಾದ ಎಷ್ಟು ಪಟ್ಟು ಎಂಬುದು. ಸಾಮಾನ್ಯ ಮಿತಿ 0.26ರಿಂದ 1.65. ಕಿಡ್ನಿ ಸೋತ ರೋಗಿಯಲ್ಲಿ ಅನುಪಾತ 2 ಬಂದರೆ ಕ್ಲೋನ್ ಇದೆ ಎಂದುಬಿಟ್ಟೆ; ಹಾಗೆನ್ನಲಾಗದು. ಕಪ್ಪಾ ಚಿಕ್ಕದು, ಒಳ್ಳೆಯ ಕಿಡ್ನಿ ಅದನ್ನು ಬೇಗ ಹೊರಹಾಕುತ್ತದೆ. ಕಿಡ್ನಿ ಸೋತಾಗ ಅದೇ ಹೆಚ್ಚು ಉಳಿಯುತ್ತದೆ. ಹಾಗಾಗಿ ಇಂಥ ರೋಗಿಗಳಿಗೆ 0.37ರಿಂದ 3.1ರ ಮಿತಿ ಬಳಸುವುದುಂಟು.

ಚಿಕಿತ್ಸೆಯ ಗುರಿ ಕ್ಲೋನ್. ಮೈಮೇಲೆ ಸಿಡಿ20 ಎಂಬ ಗುರುತಿನ ಪ್ರೋಟೀನ್ ಇರುವ ಬಿ ಜೀವಕೋಶವಾದರೆ ರಿಟುಕ್ಸಿಮ್ಯಾಬ್, ಪ್ಲಾಸ್ಮಾ ಜೀವಕೋಶವಾದರೆ ಬೊರ್ಟೆಜೊಮಿಬ್ ಅಥವಾ ಡಾರಾಟುಮುಮ್ಯಾಬ್. ಕ್ಲೋನ್ ಹಾಗೇ ಬಿಟ್ಟು ಕಿಡ್ನಿ ಕಸಿ ಮಾಡಿದರೆ ಹೊಸ ಕಿಡ್ನಿಯಲ್ಲೂ ಅದೇ ಸ್ಲೈಡ್ ನೋಡಬೇಕಾಗಬಹುದು.